ಮುಕ್ತಧಾರೆಯ ನೀರು, ನವಲಗುಂದದ ಕರ

ರವೀಂದ್ರನಾಥ ಠಾಕೂರರ ‘ಮುಕ್ತಧಾರಾ’ (1922) ನಾಟಕವನ್ನು ಯಂತ್ರನಾಗರಿಕತೆಯ ಖಂಡನೆಯೆಂದು ಓದುವುದು ರೂಢಿ. ನವಲಗುಂದದ ಎರೆಹೊಲಗಳ ನಡುವೆ ಕುಳಿತು ಓದಿದವರಿಗೆ ಅದು ಕರದ ನಾಟಕವಾಗಿಯೂ ಕಾಣುತ್ತದೆ. ಉತ್ತರಕೂಟದ ಅರಸ ರಣಜಿತ, ಅಣೆಕಟ್ಟು ಕಟ್ಟಿಸಿ ಶಿವತರಾಯಿಯ ನೀರನ್ನು ತಡೆಯುತ್ತಾನೆ. ಬರ ಬಿದ್ದರೂ ಕಂದಾಯ ಬಿಡುವುದಿಲ್ಲ. ಕೊಡಬೇಡಿರೆಂದು ಜನರಿಗೆ ಹೇಳುವವನು ಧನಂಜಯ ಬೈರಾಗಿ. (ಇವನು 1909ರ ‘ಪ್ರಾಯಶ್ಚಿತ್ತ’ದಲ್ಲಿಯೇ ಇದ್ದವನು, ಗಾಂಧೀಜಿ ಚಂಪಾರಣ್ಯಕ್ಕೆ ಹೋದದ್ದು 1917ರಲ್ಲಿ.)

ನಮ್ಮಲ್ಲಿ ಮಲಪ್ರಭೆಯ ಅಣೆಕಟ್ಟನ್ನು ಒಡೆಯಬೇಕೆಂದು ರೈತರು ಕೇಳಲಿಲ್ಲ. ಕಾಲುವೆಯ ನೀರು ಹೊಲ ಮುಟ್ಟುವ ಮೊದಲೇ ಅಭಿವೃದ್ಧಿ ಕರವೇಕೆ ಎಂದು ಕೇಳಿದರು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗೋಳಿಬಾರಾಗಿ ರೈತರು ಸತ್ತರು.

ಇದನ್ನು ನೆನೆದಾಗ ನಾಟಕದ ಮುಕ್ತಾಯ ನನಗೆ ಒಗ್ಗದು. ಯುವರಾಜ ಅಭಿಜಿತನು ತಾನೊಬ್ಬನೇ ಹೋಗಿ ಕಟ್ಟೆಯನ್ನು ಒಡೆದು, ಪ್ರವಾಹದಲ್ಲಿ ಕೊಚ್ಚಿಹೋಗುತ್ತಾನೆ. ತ್ಯಾಗ ದೊಡ್ಡದು, ಸಂದೇಹವಿಲ್ಲ. ಆದರೆ ಪ್ರಜೆಗಳು ಆರಂಭಿಸಿದ್ದನ್ನು ಅರಮನೆಯವನು ಮುಗಿಸಿಬಿಟ್ಟಂತಾಯಿತು. ಜನ ತಮ್ಮ ಬಲವನ್ನು ಬಿಟ್ಟು ತನ್ನನ್ನೇ ನೆಚ್ಚಿ ಕುಳಿತರಲ್ಲ ಎಂದು ಧನಂಜಯ ಕಳವಳಪಡುವ ಭಾಗ ನನಗೆ ಅದಕ್ಕಿಂತ ಎತ್ತರದ್ದಾಗಿ ಕಾಣುತ್ತದೆ. ಅಭಿಜಿತನಿಗೆ ಆ ಕಳವಳವಿಲ್ಲ. ಕವಿಗೂ ಕೊನೆಯ ಹೊತ್ತಿಗೆ ಅದು ಮರೆತಿತೇನೋ.