ಡಿಸ್ಕಿಲ್ಲದ ಡಿವಿಡಿ

ಡೆಬಿಯನ್ ಲಿನಕ್ಸ್ ಬಳಸುವವರಲ್ಲಿ ಹೆಚ್ಚಿನವರು ಈಗ ತಂತ್ರಾಂಶಗಳನ್ನು ನೇರವಾಗಿ ಅಂತರಜಾಲದಿಂದಲೇ ಇಳಿಸಿಕೊಳ್ಳುತ್ತಾರಾದರೂ, ಸಂಪರ್ಕ ದುರ್ಬಲವಾಗಿರುವ ಅಥವಾ ಭದ್ರತೆಗಾಗಿ ಸಂಪರ್ಕವನ್ನೇ ಕಡಿದುಹಾಕಿರುವ ಕಂಪ್ಯೂಟರುಗಳಿಗೆ ಐಎಸ್‌ಒ ಕಡತವೇ ಇಂದಿಗೂ ಆಸರೆ. ಡಿವಿಡಿಯಲ್ಲಿ ಇರಬೇಕಾದುದೆಲ್ಲವನ್ನೂ ಅದೇ ಕ್ರಮದಲ್ಲಿ ಒಳಗೊಂಡಿರುವ ಈ ಒಂಟಿ ಕಡತಕ್ಕೆ ಡಿಸ್ಕ್ ಇಮೇಜ್ ಎನ್ನುತ್ತಾರೆ. 1988ರ ಐಎಸ್‌ಒ 9660 ಎಂಬ ಮಾನಕದಿಂದ ಅದಕ್ಕೆ ರೂಢಿಯ ಹೆಸರು ಬಂದಿದೆ. ಡಿವಿಡಿ ಡ್ರೈವೇ ಇಲ್ಲದ ಲ್ಯಾಪ್‌ಟಾಪುಗಳ ಕಾಲದಲ್ಲಿ ಅದನ್ನು ಡಿಸ್ಕಿಗೆ ಬರೆಯುವ ಅಗತ್ಯವೂ ಉಳಿದಿಲ್ಲ.

ಸಾಮಾನ್ಯ ಕಡತವೊಂದನ್ನು ಡಿಸ್ಕೇ ಎಂಬಂತೆ ಕಾಣಿಸುವ ಲೂಪ್ ಸಾಧನ ಎಂಬ ಏರ್ಪಾಡು ಲಿನಕ್ಸ್ ಕರ್ನೆಲ್‌ನಲ್ಲಿಯೇ ಇದ್ದು, ಮೌಂಟ್ ಆದೇಶಕ್ಕೆ ಲೂಪ್ ಆಯ್ಕೆಯನ್ನೂ ಕಡತದ ಹಾಗೂ ಖಾಲಿ ಫೋಲ್ಡರೊಂದರ ಹೆಸರನ್ನೂ ಕೊಟ್ಟರೆ ಇಡೀ ಡಿವಿಡಿ ಆ ಫೋಲ್ಡರಿನಲ್ಲಿ ತೆರೆದುಕೊಳ್ಳುತ್ತದೆ, ಓದುವುದಕ್ಕೆ ಮಾತ್ರ. ಅಲ್ಲಿನ 'ಡಿಸ್ಟ್ಸ್' ಫೋಲ್ಡರಿನಲ್ಲಿ ಸೂಚಿಗಳೂ 'ಪೂಲ್' ಫೋಲ್ಡರಿನಲ್ಲಿ ಪ್ಯಾಕೇಜುಗಳೂ ಇರುತ್ತವೆ. ಪ್ಯಾಕೇಜುಗಳನ್ನು ಮೊದಲಕ್ಷರದ ಪ್ರಕಾರ ಜೋಡಿಸಿರುವುದು ಸರಿಯೇ. ಆದರೆ 'ಲಿಬ್' ಎಂದು ಆರಂಭವಾಗುವವು ವಿಪರೀತವಾದ್ದರಿಂದ ಅವಕ್ಕೆ ಮಾತ್ರ ನಾಲ್ಕನೆಯ ಅಕ್ಷರವನ್ನೂ ನೋಡಿ ಪ್ರತ್ಯೇಕ ಫೋಲ್ಡರು ಮಾಡಿರುವ ಅಚ್ಚುಕಟ್ಟು ಮೆಚ್ಚತಕ್ಕದ್ದು.

ಪ್ಯಾಕೇಜುಗಳನ್ನು ಹುಡುಕಿ ಅನುಸ್ಥಾಪಿಸುವ ಆಪ್ಟ್ ವ್ಯವಸ್ಥೆಗೆ ಈ ಫೋಲ್ಡರನ್ನು ಪರಿಚಯಿಸುವಾಗ 'ಸಿಡಿರಾಮ್' ಎಂಬ ವಿಧಾನಕ್ಕಿಂತ 'ಫೈಲ್' ಎಂಬುದೇ ಲೇಸು. ಮೊದಲನೆಯದು ನಿಜವಾದ ಡಿಸ್ಕುಗಳ ಕಾಲದ್ದಾದ್ದರಿಂದ ಇಂಥ ಡಿಸ್ಕನ್ನು ಡ್ರೈವಿಗೆ ಹಾಕಿ ಎಂಟರ್ ಒತ್ತಿ ಎಂದು ನಡುನಡುವೆ ತಡೆದು ನಿಲ್ಲಿಸುತ್ತದೆ. ಎರಡನೆಯದರಲ್ಲಾದರೋ ಹಲವು ಇಮೇಜುಗಳನ್ನು ಏಕಕಾಲಕ್ಕೆ ತೆರೆದಿಟ್ಟು, ಸೋರ್ಸಸ್ ಲಿಸ್ಟ್ ಕಡತದಲ್ಲಿ ಒಂದೊಂದಕ್ಕೆ ಒಂದೊಂದು ಸಾಲು ಬರೆದರಾಯಿತು, ಆಪ್ಟ್ ಪ್ಯಾಕೇಜುಗಳನ್ನು ತನ್ನ ಸಂಗ್ರಹಕ್ಕೆ ನಕಲು ಮಾಡಿಕೊಳ್ಳದೆ ಅಲ್ಲಿಂದಲೇ ಓದಿಕೊಳ್ಳುತ್ತದೆ.

ಈ ಅನುಕೂಲದ ಜೊತೆಗೆ ಒಂದು ಹೊಣೆಯೂ ಬರುತ್ತದೆ. ಅಂತರಜಾಲದ ಭಂಡಾರಗಳಲ್ಲಿ ಸೂಚಿಗೆ ಡಿಜಿಟಲ್ ಸಹಿಯಿದ್ದು ಆಪ್ಟ್ ಅದನ್ನು ಪರೀಕ್ಷಿಸುತ್ತದೆ. ಡಿವಿಡಿಯ ಸೂಚಿಗೆ ಸಾಮಾನ್ಯವಾಗಿ ಆ ಸಹಿ ಇರುವುದಿಲ್ಲವಾಗಿ, ಆ ಸಾಲಿನಲ್ಲಿ 'ಟ್ರಸ್ಟೆಡ್' ಎಂದು ಬಳಕೆದಾರನೇ ಬರೆಯಬೇಕಾಗುತ್ತದೆ. ಹಾಗೆ ಬರೆಯುವವನು ಇಮೇಜಿನ ಎಸ್‌ಎಚ್‌ಎ256 ಮೊತ್ತವನ್ನು, ಅಂದರೆ ಕಡತದಲ್ಲಿ ಒಂದು ಬಿಟ್ ಬದಲಾದರೂ ಬೇರೆಯೇ ಆಗಿಬಿಡುವ ಸಂಖ್ಯೆಯನ್ನು, ಡೆಬಿಯನ್ ಸಹಿ ಹಾಕಿ ಪ್ರಕಟಿಸಿದ ಪಟ್ಟಿಯೊಂದಿಗೆ ಮೊದಲೇ ತಾಳೆ ನೋಡಿರಬೇಕು. ಇದನ್ನು ಬಿಟ್ಟುಬಿಡುವುದು ಸೋಮಾರಿತನವಷ್ಟೇ ಅಲ್ಲ, ಅಪಾಯ ಕೂಡ.

ಇಮೇಜುಗಳಲ್ಲಿ ಮೊದಲ ಕೆಲವನ್ನಷ್ಟೇ ಡೆಬಿಯನ್ ಇಡಿಯಾಗಿ ಒದಗಿಸುತ್ತದೆ. ಉಳಿದವನ್ನು ಜಿಗ್ಡೊ ಎಂಬ ಸಾಧನದಿಂದ, ಬಿಡಿ ಪ್ಯಾಕೇಜುಗಳನ್ನು ತರಿಸಿ ನಮೂನೆಯೊಂದಕ್ಕೆ ತಕ್ಕಂತೆ ಹೊಂದಿಸಿ, ಕಟ್ಟಿಕೊಳ್ಳಬೇಕು. ಹೊಸ ಪರಿಷ್ಕರಣೆ ಬಂದಾಗ ಹಳೆಯ ಇಮೇಜನ್ನು ಮೌಂಟ್ ಮಾಡಿ ಆ ಫೋಲ್ಡರನ್ನು ಜಿಗ್ಡೊಗೆ ತೋರಿಸಿದರೆ, ಬದಲಾಗದ ಪ್ಯಾಕೇಜುಗಳನ್ನು ಅದು ಅಲ್ಲಿಂದಲೇ ಎತ್ತಿಕೊಂಡು, ಇಲ್ಲದವನ್ನು ಮಾತ್ರ ಅಂತರಜಾಲದಿಂದ ತರುತ್ತದೆ.