ವೀರಗಲ್ಲುಗಳ ನಾಡಿನಿಂದ ಒಂದು ತಕರಾರು

2022ರ ಮಾರ್ಚ್ 1ರಂದು ರಾಣೇಬೆನ್ನೂರು ತಾಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಉಕ್ರೇನಿನ ಖಾರ್ಕಿವ್‌ನಲ್ಲಿ ರಷ್ಯಾದ ದಾಳಿಗೆ ಸಿಕ್ಕು ಸತ್ತ. ತಿನ್ನಲು ಏನಾದರೂ ತರೋಣವೆಂದು ಹೊರಗೆ ಹೋಗಿದ್ದ. ಆಗ ದುಃಖದ ಜೊತೆಗೇ ಒಂದು ಮಾತು ನಮ್ಮಲ್ಲಿ ಓಡಾಡಿತು, ಈಗಲೂ ಓಡಾಡುತ್ತಿದೆ: ಯುದ್ಧ ಮನುಷ್ಯನ ಹುಟ್ಟುಗುಣ, ಶಾಶ್ವತ ಶಾಂತಿ ಭಾಷಣಕ್ಕಷ್ಟೇ ಚೆಂದ. ನಾನು ಇದನ್ನು ಒಪ್ಪುವುದಿಲ್ಲ. ಒಪ್ಪದಿರಲು ಬೇಕಾದ ಸಾಕ್ಷಿ ಹಾವೇರಿ ಜಿಲ್ಲೆಯ ನೆಲದ ಮೇಲೇ ನಿಂತಿದೆ.

ಈ ಸೀಮೆಯಲ್ಲಿ ವೀರಗಲ್ಲಿಲ್ಲದ ಊರು ಅಪರೂಪ. ದನ ಹೊಡೆದುಕೊಂಡು ಹೋಗಲು ಬಂದವರೊಡನೆ ಕಾದಿ ಸತ್ತವನಿಗೆ ತುರುಗೋಳಿನ ಕಲ್ಲು, ಹೆಣ್ಣಿನ ಮಾನ ಕಾಯಲು ಹೋಗಿ ಮಡಿದವನಿಗೆ ಪೆಣ್ಬುಯ್ಯಲಿನ ಕಲ್ಲು, ಊರೇ ಹಾಳಾಗುವಾಗ ಬಿದ್ದವನಿಗೆ ಊರಳಿವಿನ ಕಲ್ಲು. ಸಾವಿಗೆ ಇಷ್ಟು ಬಗೆಯ ಹೆಸರಿಡಬೇಕಾದರೆ ಕಾದಾಟ ಎಷ್ಟು ದಿನನಿತ್ಯದ್ದಾಗಿತ್ತು ನೋಡಿ. 1196ರಲ್ಲಿ ಹೊಯ್ಸಳ ವೀರಬಲ್ಲಾಳ ಕದಂಬರ ಹಾನಗಲ್ಲಿಗೆ ಮುತ್ತಿಗೆ ಹಾಕಿದ್ದ. ಆ ಕಾಲದ ಒಕ್ಕಲಿಗನೊಬ್ಬನಿಗೆ, ಮುಂದೊಂದು ದಿನ ನೆರೆನಾಡಿನವರು ಕತ್ತಿ ಹಿಡಿದು ಬರುವುದಿಲ್ಲ, ದನಕ್ಕಾಗಿ ಯಾರೂ ಸಾಯುವುದಿಲ್ಲ ಎಂದಿದ್ದರೆ ನಂಬುತ್ತಿದ್ದನೇ? ಅವನೂ ಹುಟ್ಟುಗುಣದ ಮಾತನ್ನೇ ಆಡುತ್ತಿದ್ದ. ಇವತ್ತು ಹಾನಗಲ್ಲಿನ ಮೇಲೆ ದಂಡೆತ್ತಿ ಬರುವ ಯೋಚನೆ ಯಾರ ತಲೆಯಲ್ಲೂ ಇಲ್ಲ.

ಹಾಗಾದರೆ ಎಂಟು ನೂರು ವರ್ಷದಲ್ಲಿ ನಮ್ಮ ಸ್ವಭಾವ ತಿದ್ದಿಹೋಯಿತೇ? ಖಂಡಿತ ಇಲ್ಲ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆಯಿತು, ಇಬ್ಬರು ಸತ್ತರು. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಕುಸಿದಾಗ ಸಿಟ್ಟಿಗೆದ್ದ ಬೆಳೆಗಾರರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಹಚ್ಚಿದರು. ಸಿಟ್ಟು, ಆಸೆ, ಹಟ ಎಲ್ಲವೂ ಇದ್ದಲ್ಲೇ ಇವೆ. ಬದಲಾದದ್ದು ಜಗಳವನ್ನು ಎಲ್ಲಿಗೆ ಒಯ್ಯಬೇಕು ಎಂಬುದು. ದನ ಕಳುವಾದರೆ ಠಾಣೆ ಇದೆ, ಬದು ಒತ್ತಿದರೆ ಕೋರ್ಟು ಇದೆ. ನ್ಯಾಯ ಸಿಗುವ ನಂಬಿಕೆ ಕುಸಿದ ದಿನ ಮಾತ್ರ ಕಲ್ಲು ಕೈಗೆ ಬರುತ್ತದೆ.

ಆದ್ದರಿಂದಲೇ, ಮೊದಲು ಮನಸ್ಸುಗಳು ಶುದ್ಧವಾಗಲಿ, ಆಮೇಲೆ ಲೋಕಶಾಂತಿ ಎನ್ನುವ ಜಯಂತಿ ಭಾಷಣಗಳೂ ನನಗೆ ಸಾಲವು. ಬ್ಯಾಡಗಿ ತಾಲೂಕಿನ ಕಾಗಿನೆಲೆಯ ಕನಕದಾಸರನ್ನು ಆ ಭಾಷಣಗಳಲ್ಲಿ ತಪ್ಪದೆ ನೆನೆಯುತ್ತಾರೆ. ಆದರೆ ಅವರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತ, ರಾಗಿಗಳ ಮನಸ್ಸೇನೂ ಕರಗುವುದಿಲ್ಲ. ಎರಡೂ ಜಿದ್ದಿಗೆ ಬಿದ್ದು ರಾಮನ ಸಭೆಗೆ ಬರುತ್ತವೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು, ಆಮೇಲೆ ತೀರ್ಪು ಕೊಡುತ್ತಾನೆ. ಮೇಲು ಕೀಳೆನ್ನದೆ ಇಬ್ಬರಿಗೂ ಒಂದೇ ಪರೀಕ್ಷೆ. ಕನಕರು ಒಂದು ಕಾಲಕ್ಕೆ ದಂಡನಾಯಕರಾಗಿದ್ದವರೆಂಬುದು ಪ್ರತೀತಿ. ಕತ್ತಿಯನ್ನು ಬಲ್ಲವರು ಬರೆದ ಕಾವ್ಯವಾಗಿ ಅದನ್ನು ಓದಬೇಕು.

ಇಲ್ಲಿ ಒಂದು ಬಲವಾದ ಆಕ್ಷೇಪಣೆ ಇದೆ. ಈ ಸೀಮೆಗೆ ಕೋರ್ಟು ಕಚೇರಿ ಬಂದದ್ದು ಮರಾಠರನ್ನು ಸೋಲಿಸಿದ ಕಂಪನಿ ಸರ್ಕಾರದ ಬಂದೂಕಿನಿಂದ. ಜಗತ್ತಿಗೂ ಅಂಥದೇ ಒಬ್ಬ ಯಜಮಾನ ಬೇಕೇ? ಬೇಡ. 1956ರ ನಂತರದ ಚರಿತ್ರೆ ಬೇರೆ ದಾರಿ ತೋರಿಸಿದೆ. ಮುಂಬಯಿ ಪ್ರಾಂತ್ಯದಲ್ಲಿದ್ದ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, ಬೆಳಗಾವಿಯ ಗಡಿ ತಂಟೆ ಅಂದಿನಿಂದ ಉಳಿದುಕೊಂಡಿತು. 1967ರ ಮಹಾಜನ್ ವರದಿಯನ್ನು ಮಹಾರಾಷ್ಟ್ರ ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಗಲಭೆಗಳಾಗಿವೆ, ಜನ ಸತ್ತಿದ್ದಾರೆ, ಅದನ್ನು ಮರೆಮಾಚಲಾರೆ. ಆದರೆ 2011ರ ಗಣತಿಯಂತೆ ಆರು ಕೋಟಿ ಜನರ ಒಂದು ರಾಜ್ಯ, ಹನ್ನೊಂದು ಕೋಟಿಯ ಇನ್ನೊಂದು. ಯುರೋಪಿನ ಎಷ್ಟೋ ದೇಶಗಳಿಗಿಂತ ದೊಡ್ಡವು. ಗಡಿಗೂ ನದಿಗೂ ಇಷ್ಟು ವರ್ಷ ಜಗಳವಾಡಿಯೂ ಇವೆರಡರ ನಡುವೆ ಒಂದು ದಿನವೂ ಯುದ್ಧವಾಗಿಲ್ಲ. ಕೃಷ್ಣೆಯ ನೀರಿಗೆ ಬಚಾವತ್ ನ್ಯಾಯಾಧಿಕರಣ, ಮಹದಾಯಿಗೆ ಮತ್ತೊಂದು. ತೀರ್ಪು ತಡವಾಗುತ್ತದೆ, ಯಾರಿಗೂ ಪೂರ್ತಿ ತೃಪ್ತಿ ಕೊಡುವುದಿಲ್ಲ. ಆದರೂ ಸೈನ್ಯ ಕದಲುವುದಿಲ್ಲ.

ದೇಶದೇಶಗಳ ನಡುವೆ ಇಲ್ಲದಿರುವುದು ಇದೇ. 2022ರ ಫೆಬ್ರುವರಿ 25ರಂದು ಉಕ್ರೇನ್ ಮೇಲಿನ ಆಕ್ರಮಣವನ್ನು ಖಂಡಿಸುವ ನಿರ್ಣಯ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಬಂತು. ಪರವಾಗಿ 11 ಮತ ಬಿದ್ದವು. ಆಕ್ರಮಣ ಮಾಡಿದ ರಷ್ಯಾವೇ ವೀಟೋ ಚಲಾಯಿಸಿ ಅದನ್ನು ಬೀಳಿಸಿತು. ಆರೋಪಿಯೇ ಪೀಠದಲ್ಲಿ ಕುಳಿತಿದ್ದ. ಭಾರತ ಮತದಾನದಿಂದ ದೂರ ಉಳಿಯಿತು. ನಾಲ್ಕು ದಿನದ ಮೇಲೆ ಚಳಗೇರಿಯ ಹುಡುಗ ಸತ್ತ. ನಮ್ಮ ಮತದಿಂದ ಅವನು ಉಳಿಯುತ್ತಿರಲಿಲ್ಲ, ನಿಜ. ಆದರೆ ಅವನ ಸಾವಿಗೆ ಮನುಷ್ಯನ ಹುಟ್ಟುಗುಣವನ್ನು ಹೊಣೆ ಮಾಡಿದರೆ, ಆ ಪೀಠ ಕಟ್ಟಿದವರೂ ಅದರಲ್ಲಿ ಕುಳಿತವರೂ ಸುಲಭವಾಗಿ ಪಾರಾಗುತ್ತಾರೆ. ವೀಟೋ ದೇವರು ಕೊಟ್ಟದ್ದಲ್ಲ. 1945ರಲ್ಲಿ ಗೆದ್ದವರು ಬರೆದುಕೊಂಡದ್ದು. ಬರೆದದ್ದನ್ನು ತಿದ್ದಬಹುದು.

ಭಾರತ ಆ ಮಂಡಳಿಯಲ್ಲಿ ಕಾಯಂ ಸ್ಥಾನ ಕೇಳುತ್ತಿದೆ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಮತದಾರರಲ್ಲಿ ನನ್ನದೊಂದು ಕೋರಿಕೆ. ಲೋಕಸಭೆಗೆ ಮತ ಕೇಳಲು ಬರುವ ಪ್ರತಿಯೊಬ್ಬರನ್ನೂ, ಯಾವ ಪಕ್ಷದವರೇ ಆಗಲಿ, ಕೇಳಿ: ಆ ಸ್ಥಾನ ಸಿಕ್ಕರೆ ನಾವೂ ವೀಟೋ ಬೇಡುತ್ತೇವೋ, ಅಥವಾ ಅದನ್ನು ತೆಗೆಯುವ ಪರವಾಗಿ ನಿಲ್ಲುತ್ತೇವೋ?