ಹಂದಿಯ ರಕ್ತದ ಗುಂಪು ಮುನ್ಸೂಚಿಸಿದ್ದೇನು?

1976ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಎರಡು ಪುಟಗಳ ಒಂದು ಪ್ರಬಂಧ ಪ್ರಕಟವಾಯಿತು. ಬರೆದವರು ಅಮೆರಿಕದ ರಾಸ್ಮುಸೆನ್ ಮತ್ತು ಕ್ರಿಶ್ಚಿಯನ್. ಹಂದಿಗಳ 'ಎಚ್' ರಕ್ತದ ಗುಂಪು ಅವುಗಳ ಒತ್ತಡ-ಸೂಕ್ಷ್ಮತೆಯ ಮುನ್ಸೂಚಕ ಎಂಬುದು ಅದರ ಶೀರ್ಷಿಕೆಯ ಸಾರ. ಭೌತವಿಜ್ಞಾನ ಕಲಿಸುವವನಿಗೆ ಹಂದಿಯ ಉಸಾಬರಿ ಏಕೆ ಎಂದು ಓದುಗರು ಕೇಳಬಹುದು. ನನ್ನ ತಕರಾರು ಹಂದಿಯ ಬಗ್ಗೆ ಅಲ್ಲ, 'ಮುನ್ಸೂಚಕ' ಎಂಬ ಆ ಒಂದು ಪದದ ಬಗ್ಗೆ.

ಮೊದಲು ಹಿನ್ನೆಲೆ. ಕೊಬ್ಬು ಕಡಿಮೆ, ಮಾಂಸಖಂಡ ಹೆಚ್ಚು ಇರುವ ಹಂದಿಗಳನ್ನೇ ಆರಿಸಿ ಬೆಳೆಸುತ್ತ ಹೋದ ಯುರೋಪು ಮತ್ತು ಅಮೆರಿಕದ ಸಾಕಣೆದಾರರಿಗೆ ಒಂದು ಹೊಸ ತೊಂದರೆ ಎದುರಾಯಿತು. ಸಾಗಣೆ, ಜಗಳ, ಸೆಖೆ ಇಂಥ ಸಣ್ಣ ಒತ್ತಡಕ್ಕೂ ಕೆಲವು ಹಂದಿಗಳ ಸ್ನಾಯುಗಳು ಬಿಗಿದು, ಮೈ ಕಾದು, ಪ್ರಾಣ ಹೋಗುತ್ತಿತ್ತು. ವಧೆಯ ನಂತರ ಇವುಗಳ ಮಾಂಸ ಬಿಳಿಚಿಕೊಂಡು, ಮೆತ್ತಗಾಗಿ, ನೀರು ಸೋರುತ್ತಿತ್ತು. ಹ್ಯಾಲೊಥೇನ್ ಎಂಬ ಅರಿವಳಿಕೆ ಅನಿಲವನ್ನು ಕೆಲವು ನಿಮಿಷ ಉಸಿರಾಡಿಸಿದರೆ ಇಂಥ ಮರಿಗಳ ಕಾಲು ಸೆಟೆದುಕೊಳ್ಳುತ್ತದೆ. 1974ರ ವೇಳೆಗೆ ನೆದರ್ಲೆಂಡ್ಸ್‌ನಲ್ಲಿ ಇದನ್ನೇ ಪರೀಕ್ಷೆಯಾಗಿ ಬಳಸಲಾಯಿತು. ಮರುವರ್ಷ ಫ್ರಾನ್ಸಿನ ಒಲಿವಿಯೆ ಮತ್ತು ಸಂಗಡಿಗರು ಪಿಯೆಟ್ರೇನ್ ತಳಿಯಲ್ಲಿ ಇದು ಒಂದೇ ಅಪ್ರಬಲ ವಂಶವಾಹಿಯ ಕೆಲಸ ಎಂದು ತೋರಿಸಿದರು. ತೊಡಕು ಇರುವುದು ಆ 'ಅಪ್ರಬಲ' ಎಂಬಲ್ಲೇ. ಕೆಟ್ಟ ಪ್ರತಿ ಒಂದೇ ಇರುವ ಹಂದಿ ಪರೀಕ್ಷೆಯಲ್ಲಿ ಆರೋಗ್ಯವಾಗಿಯೇ ಕಾಣುತ್ತದೆ, ಮರಿಗಳಿಗೆ ಮಾತ್ರ ಅದನ್ನು ದಾಟಿಸುತ್ತದೆ. ಈ ವಾಹಕಗಳನ್ನು ಗುರುತಿಸುವುದು ಹೇಗೆ?

ಇಲ್ಲಿ ರಕ್ತದ ಗುಂಪುಗಳು ನೆರವಿಗೆ ಬಂದವು. ಮನುಷ್ಯರಂತೆ ಹಂದಿಗಳಲ್ಲೂ ಹಲವು ರಕ್ತದ ಗುಂಪಿನ ವ್ಯವಸ್ಥೆಗಳಿವೆ, 'ಎಚ್' ಅವುಗಳಲ್ಲಿ ಒಂದು. ಡೆನ್ಮಾರ್ಕಿನ ಆಂಡ್ರೆಸೆನ್ 1971ರ ಹೊತ್ತಿಗೆ ಎಚ್ ವಂಶವಾಹಿಯೂ ಎರಡು ಕಿಣ್ವಗಳ ವಂಶವಾಹಿಗಳೂ ಒಂದೇ ವರ್ಣತಂತುವಿನಲ್ಲಿ ಸಾಲಾಗಿ ಕುಳಿತಿವೆ ಎಂದು ತೋರಿಸಿದ್ದರು. ಒಂದು, ಫಾಸ್ಫೊಹೆಕ್ಸೋಸ್ ಐಸೊಮರೇಸ್. ಇನ್ನೊಂದು, 6-ಫಾಸ್ಫೊಗ್ಲುಕೊನೇಟ್ ಡಿಹೈಡ್ರೋಜಿನೇಸ್. ರಕ್ತದ ಗುಂಪನ್ನು ಪ್ರತಿಸೀರಂನಿಂದ, ಕಿಣ್ವದ ಬಗೆಯನ್ನು ಎಲೆಕ್ಟ್ರೊಫೊರೆಸಿಸ್‌ನಿಂದ ಗುರುತಿಸಬೇಕು. ತಂದೆ, ತಾಯಿ, ಮರಿಗಳನ್ನು ಸಾಲುಸಾಲಾಗಿ ಪರೀಕ್ಷಿಸಿ ಯಾವುದು ಯಾವುದರ ಜೊತೆ ಹೋಯಿತು ಎಂದು ಎಣಿಸಬೇಕು. ಎಣಿಕೆಯ ತಾಳ್ಮೆಯೇ ಇಲ್ಲಿನ ಉಪಕರಣ. ಹ್ಯಾಲೊಥೇನ್‌ಗೆ ಸ್ಪಂದಿಸುವ ವಂಶವಾಹಿಯೂ ಇದೇ ಸಾಲಿನಲ್ಲಿದೆ ಎಂಬುದು ಮುಂದಿನ ವರ್ಷಗಳಲ್ಲಿ ಖಚಿತವಾಯಿತು.

ಹಾಗಾದರೆ ಎಚ್ ಗುಂಪು ಮುನ್ಸೂಚಕ ಹೌದೇ? ಒಂದು ಕಲ್ಪಿತ ಲೆಕ್ಕ ನೋಡೋಣ. ಎಚ್ ಮತ್ತು ಹ್ಯಾಲೊಥೇನ್ ವಂಶವಾಹಿಗಳ ನಡುವೆ ಮರುಸಂಯೋಜನೆ ಶೇಕಡ 5 ಎಂದಿಟ್ಟುಕೊಳ್ಳಿ. ಒಂದು ಗಂಡು ಹಂದಿಯಲ್ಲಿ ಎಚ್-ಎ ರೂಪವೂ ಕೆಟ್ಟ ಪ್ರತಿಯೂ ಒಂದೇ ವರ್ಣತಂತುವಿನಲ್ಲಿವೆ. ಅದರಿಂದ ಎಚ್-ಎ ಪಡೆದ 100 ಮರಿಗಳಲ್ಲಿ ಸುಮಾರು 95 ಕೆಟ್ಟ ಪ್ರತಿಯನ್ನೂ ಪಡೆಯುತ್ತವೆ. ಪಕ್ಕದ ಕೊಟ್ಟಿಗೆಯ ಇನ್ನೊಂದು ಗಂಡಿನಲ್ಲಿ ಎಚ್-ಎ ಒಳ್ಳೆಯ ಪ್ರತಿಯ ಜೊತೆಗಿದೆ, ಕೆಟ್ಟದ್ದು ಜೋಡಿಯ ಇನ್ನೊಂದು ವರ್ಣತಂತುವಿನಲ್ಲಿದೆ. ಅಲ್ಲಿ ಎಚ್-ಎ ಪಡೆದ 100ರಲ್ಲಿ ಕೆಟ್ಟ ಪ್ರತಿ ಸಿಗುವುದು ಸುಮಾರು 5ಕ್ಕೆ. ರಕ್ತದ ಗುಂಪು ಅದೇ, ಸಹಲಗ್ನತೆಯ ಪ್ರಮಾಣವೂ ಅದೇ, ಮುನ್ಸೂಚನೆ ಮಾತ್ರ ತಿರುಗುಮುರುಗು! ನಮ್ಮ ಪಠ್ಯಗಳಲ್ಲಿ ಸಹಲಗ್ನತೆಯ ಪಾಠ ಬೇಟ್‌ಸನ್‌ರ ಸಿಹಿ ಬಟಾಣಿಯಿಂದ ಹೊರಟು ಮಾರ್ಗನ್‌ರ ಹಣ್ಣಿನ ನೊಣದಲ್ಲಿ ನಿಲ್ಲುತ್ತದೆ. ಸಹಲಗ್ನತೆ ಎರಡು ವಂಶವಾಹಿಗಳ ಸ್ಥಾನಗಳ ನಡುವಿನ ಸಂಬಂಧ, ಅವುಗಳ ರೂಪಗಳ ನಡುವಿನದಲ್ಲ ಎಂಬ ಮುಖ್ಯ ಮಾತು ಅಲ್ಲಿ ಒತ್ತಿ ಹೇಳಿರುವುದಿಲ್ಲ.

ಹಾಗಿದ್ದೂ 1976ರ ಪ್ರಬಂಧದ ಲೇಖಕರಿಗೆ ಸಂಬಂಧ ಕಂಡದ್ದು ಸುಳ್ಳಲ್ಲ. ಕೆಟ್ಟ ಪ್ರತಿ ಮೊದಲು ಹುಟ್ಟಿದ ವರ್ಣತಂತುವಿನಲ್ಲಿ ಯಾವ ಎಚ್ ರೂಪ ಇತ್ತೋ ಅದು ಅನೇಕ ತಲೆಮಾರು ಜೊತೆಯಲ್ಲೇ ಸಾಗುತ್ತದೆ. ಆದರೆ ಈ ಜೊತೆಗಾರಿಕೆ ಕ್ಷಯಿಸುವಂಥದ್ದು. ಪ್ರತಿ ತಲೆಮಾರಿನಲ್ಲೂ ಅದು 0.95ರಿಂದ ಗುಣಿಸಲ್ಪಡುತ್ತದೆ. ವಿಕಿರಣಶೀಲತೆಯ ಪಾಠ ಮಾಡುವವರಿಗೆ ಇದು ಹಳೆಯ ಪರಿಚಯವೇ: ಅರ್ಧಾಯುಷ್ಯ ಸುಮಾರು 13.5 ತಲೆಮಾರು. ಮರುಸಂಯೋಜನೆ ಶೇಕಡ 1 ಆದರೆ ಸುಮಾರು 69 ತಲೆಮಾರು. (ರೇಡಿಯಂಗೆ ಇರುವ ಶಿಸ್ತು ಹಂದಿ ಹಿಂಡಿಗೆ ಇಲ್ಲ. ಕೆಲವೇ ಗಂಡುಗಳಿಂದ ಹಿಂಡು ಬೆಳೆಸಿದರೆ ಹೊಸ ಜೊತೆಗಾರಿಕೆಗಳು ಆಕಸ್ಮಿಕವಾಗಿ ಹುಟ್ಟುತ್ತವೆ.) ಆದ್ದರಿಂದ ಶೀರ್ಷಿಕೆಯಲ್ಲಿ 'ಈ ಹಿಂಡುಗಳಲ್ಲಿ' ಎಂಬ ಎರಡು ಪದ ಸೇರಿದ್ದರೆ ನನ್ನ ತಕರಾರು ಇರುತ್ತಿರಲಿಲ್ಲ. ಅಂಶಾಂಕನ ಮಾಡದ ಉಷ್ಣಮಾಪಕವನ್ನು ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಒಯ್ದು ಓದುವ ವಿದ್ಯಾರ್ಥಿಗೆ ನಾವು ಅಂಕ ಕೊಡುವುದಿಲ್ಲ.

ಇನ್ನೂ ದೊಡ್ಡ ಅಪಾಯ ಬೇರೆ ಇದೆ. ಶಿಕ್ಷಕರ ಒಂದು ಕಾರ್ಯಾಗಾರದಲ್ಲಿ ಈ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ, ರೋಗದ ಕಾರಣ ಊಹಿಸಿ ಎಂದೆ. ಹೆಚ್ಚಿನವರು ಐಸೊಮರೇಸ್ ಕಿಣ್ವದತ್ತ ಬೆರಳು ಮಾಡಿದರು. ತರ್ಕ ಸೊಗಸಾಗಿತ್ತು. ಆ ಕಿಣ್ವ ಗ್ಲೂಕೋಸ್ ವಿಘಟನೆಯ ಸರಣಿಯಲ್ಲಿ ಒಂದು ಮೆಟ್ಟಿಲು. ವಿಘಟನೆ ಮಿತಿಮೀರಿದರೆ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ಹೆಚ್ಚುತ್ತದೆ. ಈ ಹಂದಿಗಳ ಮಾಂಸ ಕೆಡುವುದು ಆಮ್ಲದಿಂದಲೇ. ಕಿಣ್ವದ ವಂಶವಾಹಿಯೋ ರೋಗದ ವಂಶವಾಹಿಯ ಪಕ್ಕದಲ್ಲೇ ಇದೆ. ಇನ್ನೇನು ಬೇಕು? ಮೊದಲ ಬಾರಿ ಓದಿದಾಗ ನಾನೂ ಇದನ್ನೇ ನಂಬಿದ್ದೆ. ಆದರೆ ನೆರೆಮನೆಯಲ್ಲಿ ಇರುವುದು ಅಪರಾಧವಲ್ಲ.

ನಿಜವಾದ ಕಾರಣ 1991ರಲ್ಲಿ ಹೊರಬಂತು. ದಾರಿ ತೋರಿಸಿದ್ದು ಆ ನೆರೆಮನೆಯ ವಿಳಾಸವೇ ಎಂಬುದು ಇಲ್ಲಿನ ಸ್ವಾರಸ್ಯ. ಐಸೊಮರೇಸ್ ವಂಶವಾಹಿ ಹಂದಿಯಲ್ಲಿ 6ನೆಯ ವರ್ಣತಂತುವಿನಲ್ಲಿದೆ, ಮನುಷ್ಯನಲ್ಲಿ 19ನೆಯದರಲ್ಲಿ. ಅರಿವಳಿಕೆಯಿಂದ ಮೈ ಕಾದು ಸಾಯುವ ಇದೇ ಬಗೆಯ ರೋಗ ಮನುಷ್ಯರಲ್ಲೂ ಉಂಟು. ಆಸ್ಟ್ರೇಲಿಯದ ಡೆನ್‌ಬರೊ ಮತ್ತು ಲವೆಲ್ 1960ರಲ್ಲಿ ಅದನ್ನು ವರದಿ ಮಾಡಿದ್ದರು. ಮನುಷ್ಯನ 19ನೆಯ ವರ್ಣತಂತುವಿನ ಆ ಭಾಗದಲ್ಲಿ ಸ್ನಾಯುಕೋಶದ ಒಳಗೆ ಕ್ಯಾಲ್ಸಿಯಂ ಬಿಡುಗಡೆ ಮಾಡುವ ಕಾಲುವೆಯ, ಅಂದರೆ ರಯನೊಡಿನ್ ಗ್ರಾಹಕದ, ವಂಶವಾಹಿ ಇರುವುದು 1990ರಲ್ಲಿ ಗೊತ್ತಾಯಿತು. ಮರುವರ್ಷ ಟೊರಾಂಟೊದ ಮ್ಯಾಕ್‌ಲೆನ್ನನ್ ತಂಡ ಹಂದಿಯ ಅದೇ ವಂಶವಾಹಿಯಲ್ಲಿ 1843ನೆಯ ಅಕ್ಷರ 'ಸಿ'ಯಿಂದ 'ಟಿ'ಗೆ ಬದಲಾಗಿರುವುದನ್ನು ಕಂಡಿತು. ಇದರಿಂದ ಪ್ರೋಟೀನಿನ 615ನೆಯ ಸ್ಥಾನದಲ್ಲಿ ಆರ್ಜಿನೀನ್ ಬದಲು ಸಿಸ್ಟೀನ್ ಬರುತ್ತದೆ, ಕಾಲುವೆ ಸುಲಭವಾಗಿ ತೆರೆದುಕೊಳ್ಳುತ್ತದೆ, ಕ್ಯಾಲ್ಸಿಯಂ ನುಗ್ಗಿ ಸ್ನಾಯು ಬಿಗಿಯುತ್ತದೆ. ಪರೀಕ್ಷಿಸಿದ ಐದು ತಳಿಗಳಲ್ಲೂ ಅದೇ ಬದಲಾವಣೆ. ಆಮ್ಲ, ಕಾವು ಎಲ್ಲವೂ ಅದರ ಪರಿಣಾಮಗಳು. ಐಸೊಮರೇಸ್ ನಿರಪರಾಧಿ, ಎಚ್ ಗುಂಪೂ ಅಷ್ಟೇ. ಅಂದಿನಿಂದ ವಾಹಕಗಳನ್ನು ಹುಡುಕಲು ಡಿಎನ್‌ಎ ಪರೀಕ್ಷೆಯೇ ಸಾಕಾಯಿತು, ಪ್ರತಿಸೀರಂ ಬಾಟಲಿಗಳು ಹಿಂದೆ ಸರಿದವು.

ಹಾಗೆಂದು ಸಹಲಗ್ನತೆ ಅಲ್ಲಿಗೆ ಬೆನ್ನು ಬಿಡಲಿಲ್ಲ. ಮರಿಗಳಿಗೆ ಊತ ಮತ್ತು ಭೇದಿ ತರುವ ಎಫ್18 ಬಗೆಯ ಇ. ಕೋಲೈ ಬ್ಯಾಕ್ಟೀರಿಯಾ ಕರುಳಿಗೆ ಅಂಟಲು ಬೇಕಾದ ಗ್ರಾಹಕವನ್ನು ನಿರ್ಧರಿಸುವ ವಂಶವಾಹಿಯೂ ಇದೇ 6ನೆಯ ವರ್ಣತಂತುವಿನಲ್ಲಿ, ರಯನೊಡಿನ್ ಗ್ರಾಹಕದ ಹತ್ತಿರದಲ್ಲೇ ಸಿಕ್ಕಿತು. ಅದು ಫ್ಯೂಕೋಸ್ ಸಕ್ಕರೆಯನ್ನು ಜೋಡಿಸುವ ಒಂದು ಕಿಣ್ವದ ವಂಶವಾಹಿ ಎಂದು 1997ರ ಅಧ್ಯಯನ ಸೂಚಿಸಿತು. ಸ್ವಿಸ್ ಲ್ಯಾಂಡ್‌ರೇಸ್ ತಳಿಯಲ್ಲಿ ಬ್ಯಾಕ್ಟೀರಿಯಾಕ್ಕೆ ಜಗ್ಗದ ರೂಪ ಹೆಚ್ಚಾಗಿ ಇದ್ದದ್ದು ಯಾವ ವರ್ಣತಂತುವಿನಲ್ಲಿ? ಒತ್ತಡಕ್ಕೆ ಸಾಯಿಸುವ ಪ್ರತಿ ಇರುವ ವರ್ಣತಂತುವಿನಲ್ಲೇ. ಒತ್ತಡದ ವಂಶವಾಹಿಯನ್ನು ಡಿಎನ್‌ಎ ಪರೀಕ್ಷೆಯಿಂದ ಹೆಕ್ಕಿ ಹೊರಹಾಕಿದಷ್ಟೂ ಇನ್ನೊಂದು ರೋಗದ ನಿರೋಧವೂ ಅದರ ಜೊತೆ ಹೊರಹೋಗುವ ಸ್ಥಿತಿ. ಎರಡೂ ಒಳ್ಳೆಯ ರೂಪಗಳು ಒಂದೇ ವರ್ಣತಂತುವಿನಲ್ಲಿ ಬೇಕೆಂದರೆ ಸಾಕಣೆದಾರರು ಆ ಅಪರೂಪದ ಮರುಸಂಯೋಜಿತ ಮರಿಗಾಗಿ ಮತ್ತೆ ಆಂಡ್ರೆಸೆನ್‌ರಂತೆ ಎಣಿಸುತ್ತ ಕೂರಬೇಕು.